ಗೇಟಿನ ಮುಂದಿನ ಅವ್ವ

"ಯಕ್ಕಾ, ಇವತ್ತೊಂದಿನ ನೀನು ನಮ್ಮವ್ವ ಆಗಬೇಕು ನೋಡು," ಎಂದು ಸಂಘಮಿತ್ರಾ ಬಂಡಿಯ ಹಿಂದೆ ಬಂದು ಪಿಸುಗುಟ್ಟಿದಾಗ ದುರ್ಗಕ್ಕ ಬಾಣಲೆಗೆ ಮಿರ್ಚಿ ಬಿಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಹೊಸಪೇಟೆಯ ಆ ಪಿಯು ಕಾಲೇಜಿನ ಗೇಟಿನ ಮುಂದೆ ಮಂಡಕ್ಕಿ ಒಗ್ಗರಣಿ, ಮಿರ್ಚಿ, ಚಹಾ ಮಾರುವ ಆಕೆಗೆ ಇಂಥ ಕರೆ ಹೊಸದೇನಲ್ಲ.

"ಯಾವುದರಾಗ ಹೋತು?"

"ಕೆಮಿಸ್ಟ್ರಿ. ಎರಡೂ ಟೆಸ್ಟಿನಾಗ. ಮನಿಯೋರ್ನ ಕರ್ಕೊಂಡು ಬಂದ್ರಷ್ಟಾ ನಾಳಿ ಪ್ರಿಪರೇಟರಿಗೆ ಕುಂದ್ರಸ್ತೀನಿ ಅಂದಾರ ಸುನಿತಾ ಮೇಡಂ."

"ನಿಮ್ಮವ್ವನ್ನ ಕರಿಯವಾ. ಕಂಪ್ಲಿ ಏನ್ ಲಂಡನ್ನಾ?"

"ಅವ್ವಗ ಹೇಳಿದ್ರ ಅಪ್ಪಗ ಮುಟ್ಟತೈತಿ. ಸಂಡೂರಿನಾಗ ತನ್ನ ಜೋಡಿ ಕೆಲಸ ಮಾಡೋ ಲಾರಿ ಡ್ರೈವರ್ ಮಂದಿಗೆಲ್ಲ ಮಗಳು ಡಾಕ್ಟರ್ ಆಗ್ತಾಳ ಅಂತ ಹೇಳಿಟ್ಟಾನ. ಫೇಲು ಅಂತ ಗೊತ್ತಾದ್ರ ಕಾಲೇಜ್ ಬಿಡಿಸಿಬಿಡ್ತಾನ ಯಕ್ಕಾ."

ದುರ್ಗಕ್ಕ ಒಲೆ ಸಣ್ಣದು ಮಾಡಿದಳು. ಪಕ್ಕದಲ್ಲಿ ಹೂ ಮಾರುವ ಹುಲುಗಮ್ಮನಿಗೆ ಬಂಡಿ ನೋಡಿಕೊಳ್ಳಲು ಹೇಳಿ, ಕೈಗೆ ಹತ್ತಿದ ಕಡಲೆಹಿಟ್ಟು ತೊಳೆದು ನೆರಿಗೆ ಸರಿಮಾಡಿಕೊಂಡಳು. ಈ ಕೆಲಸಕ್ಕೂ ಆಕೆಯದೊಂದು ಪದ್ಧತಿಯಿತ್ತು. ಮೊದಲು ಅಪ್ಪನ ಹೆಸರು ಕೇಳಿ ಬಾಯಿಪಾಠ ಮಾಡುವುದು. ಒಳಗೆ ಹೋದ ಕೂಡಲೇ ಮಗನೋ ಮಗಳೋ, ಬೆನ್ನಿಗೊಂದು ಗುದ್ದುವುದು. 'ಚರ್ಮ ಸುಲೀರಿ, ನಾವೇನೂ ಕೇಳಂಗಿಲ್ಲ' ಅನ್ನುವುದು. ಆಮೇಲೆ ಸೆರಗು ಬಾಯಿಗಿಟ್ಟು ಅಳುವುದು. ಅಷ್ಟರಲ್ಲಿ ಲೆಕ್ಚರರುಗಳೇ 'ಹೋಗ್ಲಿ ಬಿಡ್ರಿ' ಎಂದು ಸಮಾಧಾನ ಹೇಳುತ್ತಿದ್ದರು. ದಿನಾ ಗೇಟಿನಲ್ಲಿರುವವಳ ಮುಖವನ್ನು ಒಳಗಿನವರು ಯಾರೂ ನೋಡಿರುವುದಿಲ್ಲ ಎಂಬುದೇ ಆಕೆಯ ಧೈರ್ಯ.

ಸ್ಟಾಫ್ ರೂಮಿನಲ್ಲಿ ಎಲ್ಲ ಪದ್ಧತಿಯಂತೆಯೇ ನಡೆಯಿತು. ಗುದ್ದು ಬಿತ್ತು, ಸೆರಗು ಒದ್ದೆಯಾಯಿತು. ಸುನಿತಾ ಮೇಡಂ ಮಾತ್ರ ಸಮಾಧಾನ ಹೇಳಲಿಲ್ಲ.

"ಅತ್ರ ಏನ್ ಬಂತ್ರಿ? ಮಗಳಿಗೆ ಓದೂ ಮನಸ್ಸಾ ಇಲ್ಲ. ಹಿಂದಿನ ಬೆಂಚಿನಾಗ ಕುಂತು ನಿದ್ದಿ ಮಾಡ್ತಾಳ."

ದುರ್ಗಕ್ಕನಿಗೆ ಅಳು ಮರೆತೇಹೋಯಿತು. "ನಿದ್ದಿ ಬರ್ಲಾರ್ದ ಏನ್ ಮಾಡೀತ್ರಿ ಕೂಸು? ರಾತ್ರಿ ಎಲ್ಲ ಓದಿ ಮುಂಜಾನಿ ಹಾಸ್ಟೆಲಿಂದ ಖಾಲಿ ಹೊಟ್ಟೀಲೆ ಬರ್ತೈತಿ. ಒಗ್ಗರಣಿ ಕೊಟ್ರ ಅರ್ಧ ಹಂಗಾ ಬಿಡ್ತೈತಿ. ದಸರಾ ಆದಾಗಿಂದ ನಕ್ಕಿದ್ದು ನೋಡಿಲ್ಲ ನಾನು. ಟೆಸ್ಟ್ ಇದ್ದ ದಿನ ಕೈ ನಡುಗಿ ಚಹಾ ಮೈಮ್ಯಾಲ ಚೆಲ್ಕೊಂತೈತ್ರಿ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮೇಡಂ ಹುಡುಗಿಯನ್ನು ಹೊರಗೆ ಕಳಿಸಿದರು.

"ಕಂಪ್ಲಿಯಾಗ ಇರೋ ತಾಯಿಗೆ ಇಷ್ಟೆಲ್ಲ ಹೆಂಗ ಗೊತ್ತಾತ್ರಿ?"

ದುರ್ಗಕ್ಕ ಮತ್ತೆ ಸೆರಗನ್ನು ಬಾಯಿಗೆ ಒಯ್ದಳು.

"ಹೋದ ತಿಂಗಳು ಆ ಕಡೆ ಟೇಬಲ್ಲಿನಾಗ ಫಿಸಿಕ್ಸ್ ಸರ್ ಮುಂದ ಈಶ್ವರನ ತಾಯಿ ಆಗಿದ್ರಿ. ಅದಕ್ಕಿಂತ ಮೊದಲು ಸಿದ್ದಲಿಂಗೇಶನ ಅತ್ತಿ. ಅಳೂದು ಮಾತ್ರ ಎಲ್ಲಾರಿಗೂ ಒಂದಾ ನಮೂನಿ ಅಳ್ತೀರಿ."

"ತಪ್ಪಾತ್ರಿ ಮೇಡಂ. ಬೇಕಂದ್ರ ನನ್ ಬಂಡಿ ಎತ್ತಿಸ್ರಿ. ಆ ಕೂಸಿಗೆ ಪರೀಕ್ಷಿ ತಪ್ಪಸ್ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ನಿಮ್ಮ ಬಂಡಿ ಎತ್ತಿಸಿದ್ರ ಪೇರೆಂಟ್ಸ್ ಮೀಟಿಂಗಿಗೆ ಯಾರು ಬರ್ತಾರ್ರಿ?" ಮೇಡಂ ನಗಲಿಲ್ಲ. "ಅವರಪ್ಪಗ ನಾನಾ ಫೋನ್ ಮಾಡಿದ್ದೆ. 'ಡಾಕ್ಟರ್ ಸೀಟು ಗ್ಯಾರಂಟಿ ಏನ್ರಿ' ಅಂತ ಕೇಳಿದ್ರು. ಫೇಲು ಅನ್ನೂದ್ರೊಳಗ ಲಾರಿ ಬಂತು ಅಂತ ಇಟ್ಟುಬಿಟ್ರು. ಇರ್ಲಿ, ನಾಳಿ ಪರೀಕ್ಷಿಗೆ ಕುಂದ್ರಲಿ ಆಕಿ. ಸಂಜಿಮುಂದ ನನ್ ಹತ್ರ ಕಳಸ್ರಿ, ಮೊದಲಿಂದ ಹೇಳಿಕೊಡ್ತೀನಿ."

ದುರ್ಗಕ್ಕ ಕೈಮುಗಿದಳು. ಈ ಸಲ ಬಂದ ಕಣ್ಣೀರು ಪದ್ಧತಿಯದಾಗಿರಲಿಲ್ಲ. ಮೇಡಂ ಮನಸ್ಸು ಬದಲಿಸುವ ಮೊದಲೇ ಹೊರಗೆ ಬೀಳಬೇಕೆಂದು ಬಾಗಿಲ ತನಕ ಬಂದಿದ್ದಳು.

"ದುರ್ಗಕ್ಕಾ."

ಮೇಡಂಗೆ ತನ್ನ ಹೆಸರೂ ಗೊತ್ತಿತ್ತು. ಅವರು ಕನ್ನಡಕ ತೆಗೆದು ಸೆರಗಿನ ತುದಿಯಿಂದ ಒರೆಸುತ್ತಿದ್ದರು.

"ಶನಿವಾರ ಇನ್ನೊಂದು ಕಾಲೇಜಿನಾಗ ಮೀಟಿಂಗ್ ಐತಿ. ಐಶ್ವರ್ಯ ಅಂತ ಹುಡುಗಿ, ಫಸ್ಟ್ ಪಿಯು. ಆಕಿನೂ ಕೆಮಿಸ್ಟ್ರಿಯಾಗ ಹೋಗ್ಯಾಳ. ಹೋಗಿ ಬರ್ತೀರೇನು?"

"ಯಾರ ಮಗಳ್ರಿ?"

"ನನ್ನ ಮಗಳು."

ದುರ್ಗಕ್ಕ ಬಾಗಿಲಿನಿಂದ ಟೇಬಲ್ಲಿನ ತನಕ ವಾಪಸ್ ಬಂದಳು. "ಅಲ್ರಿ ಮೇಡಂ, ನೀವಾ ಹೋದ್ರ ಚಲೋ ಅಲ್ಲೇನ್ರಿ?"

"ಅವತ್ತಾ ಇಲ್ಲೂ ಮೀಟಿಂಗ್ ಐತಿ. ಮಂದಿ ಮಕ್ಕಳ ತಾಯಂದ್ರಿಗೆಲ್ಲ ಬುದ್ಧಿ ಹೇಳೋರು ಯಾರು? ಆಕಿ ಹೆಂಗಿದ್ರೂ ಯಾರನ್ನೋ ಒಬ್ಬರನ್ನ ಕರ್ಕೊಂಡು ಹೋಗ್ತಾಳ. ಅದಕ್ಕ ಗೊತ್ತಿದ್ದೋರು ಹೋದ್ರ ವಾಸಿ. ಗುದ್ದೂದು ಮಾತ್ರ ಬ್ಯಾಡ."

"ಅಳೂದ್ರಿ?"

"ಸ್ವಲ್ಪ ಅಳ್ರಿ."

ಮೇಡಂ ಕನ್ನಡಕ ಹಾಕಿಕೊಂಡು ಮೌಲ್ಯಮಾಪನದ ಕಟ್ಟನ್ನು ಎಳೆದುಕೊಂಡರು. ಮೇಲಿನ ಉತ್ತರಪತ್ರಿಕೆ ಬಿಡಿಸಿ, ಕೆಂಪು ಪೆನ್ನಿನ ಮುಚ್ಚಳ ತೆಗೆದು, ತಲೆ ಎತ್ತದೆ ಅಂದರು:

"ಆಮ್ಯಾಲ ಬಂದು ನನಗೂ ಒಂದೀಟು ಹೇಳ್ರಿ, ಹುಡುಗಿ ಹೆಂಗದಾಳ ಅಂತ."