ದೇವರಿಗೊಂದು ಮುಂದಿನ ಸೀಟು

ಗ್ರೈಂಡರ್ ಬಂದಿದ್ದ ರಟ್ಟಿನ ಡಬ್ಬವೊಂದನ್ನು ಹೆಗಲ ಮೇಲಿಟ್ಟುಕೊಂಡು ಬೀರೇಶ ಚಿತ್ರದುರ್ಗದ ಕಾರು ಶೋರೂಮಿನೊಳಗೆ ಬಂದ. ಅವನ ಹಿಂದೆ ಅಪ್ಪ ಪಾಪಣ್ಣ, ಮಡಿಸಿದ ಕರಿ ಕಂಬಳಿ ತೋಳಿಗೆ ಹಾಕಿಕೊಂಡು. ಡಬ್ಬಕ್ಕೆ ಹಗ್ಗ ಬಿಗಿದಿತ್ತು, ಒಳಗೆ ರಾಗಿ ತುಂಬಿತ್ತು. ಕಾರು ತೋರಿಸಲು ಎದ್ದು ಬಂದ ಪಲ್ಲವಿ, ಸಾಮಾನು ಹೊರಗೇ ಇಟ್ಟು ಬನ್ನಿ, ಯಾರೂ ಮುಟ್ಟುವುದಿಲ್ಲ ಎಂದಳು.

"ಇದನ್ನ ಕೂರಿಸಾಕೇ ಕಣವ್ವ ಕಾರು ನೋಡಾಕೆ ಬಂದಿರೋದು" ಎಂದ ಪಾಪಣ್ಣ.

ಬೀರೇಶನಿಗೆ ನಾಚಿಕೆ. ಆದರೂ ಬಿಡಿಸಿ ಹೇಳಬೇಕಾಯಿತು. ಶ್ರೀರಾಂಪುರದ ಕಡೆಯ ಅವರ ಊರಲ್ಲಿ ದೇವರು ಬೀರಪ್ಪನ ಪೆಟ್ಟಿಗೆಯನ್ನು ವರ್ಷಕ್ಕೊಮ್ಮೆ ಪೂಜೆಗೆಂದು ಮಾರಿಕಣಿವೆ ಅಣೆಕಟ್ಟಿನ ನೀರಿಗೆ ಹೊತ್ತೊಯ್ಯುವುದು ಇವರ ಮನೆಯವರೇ. ತಲೆಯ ಮೇಲೆ ಕಂಬಳಿಯ ಸಿಂಬೆ, ಅದರ ಮೇಲೆ ದೇವರು, ಬರಿಗಾಲಲ್ಲಿ ನಡಿಗೆ. ಈ ಸಲ ಡಾಕ್ಟರು ಪಾಪಣ್ಣನ ಕತ್ತಿನ ಮೂಳೆ ಸವೆದಿದೆ, ಹುಲ್ಲಿನ ಹೊರೆಯನ್ನೂ ತಲೆಗೆ ಏರಿಸಕೂಡದು ಎಂದುಬಿಟ್ಟಿದ್ದರು. ತಂದೆ ಇರುವಾಗ ಮಗ ಹೊರುವ ಪದ್ಧತಿ ಇಲ್ಲ. ತಂದೆಯ ಕೈಲಾಗದಿದ್ದರೆ ಪೆಟ್ಟಿಗೆ ದಾಯಾದಿಗಳ ಮನೆಗೆ ಹೋಗುತ್ತದೆ, ಹೋದದ್ದು ಮತ್ತೆ ಈ ಹೊಸಿಲಿಗೆ ಬರುವುದಿಲ್ಲ. ಊರ ಹಿರಿಯರು ಯೋಚಿಸಿ ಒಂದು ದಾರಿ ಬಿಟ್ಟಿದ್ದರು. ಕುರಿ, ಗೊಬ್ಬರ ಹೇರದ ಹೊಸ ಗಾಡಿಯಲ್ಲಿ ಪಾಪಣ್ಣನೇ ಕರೆದುಕೊಂಡು ಹೋಗಲಿ. ಆದರೆ ದೇವರು ಡಿಕ್ಕಿಗೆ ಹೋಗಬಾರದು, ಯಾರ ಬೆನ್ನ ಹಿಂದೆಯೂ ಕೂರಬಾರದು. ಅಂದರೆ ಡ್ರೈವರ್ ಪಕ್ಕದ ಸೀಟೇ ಆಗಬೇಕು. ಗುಡಿಯ ಪೆಟ್ಟಿಗೆಯನ್ನು ಶೋರೂಮಿಗೆ ತರುವಂತಿಲ್ಲವಲ್ಲ, ಅದಕ್ಕೇ ಅದೇ ಅಳತೆಯ ಈ ಡಬ್ಬ. ರಾಗಿಯನ್ನು ಪಾಪಣ್ಣನೇ ಪೆಟ್ಟಿಗೆಯ ತೂಕದ ಅಂದಾಜು ನೋಡಿ ನೋಡಿ ತುಂಬಿದ್ದ.

ಪಲ್ಲವಿ ನಗಲಿಲ್ಲ, ಅದು ಅವಳ ದೊಡ್ಡತನ. ಒಂದಾದ ಮೇಲೊಂದು ಸೆಡಾನಿನ ಬಾಗಿಲು ತೆರೆದಳು. ಮೊದಲನೆಯದರ ಸೀಟಿಗೆ ಕಂಬಳಿ ಹಾಸಿ ಡಬ್ಬ ಇಟ್ಟರೆ ಅದು ಹಿಂದಕ್ಕೆ ವಾಲಿತು. ದೇವರು ಒರಗಿಕೊಂಡು ಕೂರುವುದುಂಟೇ ಎಂದ ಪಾಪಣ್ಣ. ಎರಡನೆಯದರ ಒಳಗೆಲ್ಲ ಕಪ್ಪು, ಕುರಿಮರಿ ಕೂಡಿ ಹಾಕುವ ಗೂಡಿನ ಹಾಗಿದೆ ಎಂದು ಅದನ್ನೂ ತಳ್ಳಿಹಾಕಿದ. ಮೂರನೆಯದು ಬಿಳಿಯದು. ಬೀರೇಶ ಹಿಂದಿನ ಸೀಟಿನಲ್ಲಿ ಕೂತು ಕಾಲು ಚಾಚಿದ. ಮೊಣಕಾಲಿಗೂ ಮುಂದಿನ ಸೀಟಿಗೂ ನಡುವೆ ಇನ್ನೂ ಒಂದು ಗೇಣು ಉಳಿಯಿತು. ಡಿಕ್ಕಿಯಲ್ಲಿ ಮನೆಮಂದಿಯ ಬಟ್ಟೆಗಂಟಿನ ಜೊತೆ ಒಂದು ಮೂಟೆಯೂ ಹಿಡಿಯುವಂತಿತ್ತು. ಮುಂದಿನ ಸೀಟಿನಲ್ಲಿ ಡಬ್ಬ ನೆಟ್ಟಗೆ ಕೂತಿತ್ತು. ಅವನು ಮನಸ್ಸಿನಲ್ಲೇ ಕಾರಿಗೆ ಹಾರ ಹಾಕಿಯೂ ಆಗಿತ್ತು.

ಪಾಪಣ್ಣ ಮಾತ್ರ ಸುತ್ತ ತಿರುಗಿ ಬಂದು ಗಾಜು ದೊಡ್ಡದಾಯಿತು, ಬಿಸಿಲು ಬಡಿಯುತ್ತದೆ ಎಂದು ಶುರು ಮಾಡಿದ. ಬೀರೇಶನಿಗೆ ರೇಗಿತು.

"ಏನಪ್ಪಾ, ಇನ್ನೂ ಎಷ್ಟು ಜಾಗ ಬೇಕು ನಿಂಗೆ?"

ಪಾಪಣ್ಣ ಬಗ್ಗಿ ಡಬ್ಬದ ಕೆಳಗಿನ ಕಂಬಳಿಯ ಅಂಚು ಸರಿಮಾಡಿದ. ಆಮೇಲೆ ಮಗನ ಮುಖ ನೋಡದೆ, "ಜಾಗ ಐತೆ ಕಣಲೇ. ಆದ್ರೆ ಇದು ಕಬ್ಬಿಣ. ಮೇಲೆ ಕುಂತಿರೋರು ಯಾರು ಅಂತ ಕಬ್ಬಿಣಕ್ಕೇನು ಗೊತ್ತು?" ಎಂದ.

ಬೆಳಿಗ್ಗೆಯಿಂದ ಮುದುಕ ತೆಗೆದ ತಕರಾರೆಲ್ಲ ಯಾಕೆಂದು ಬೀರೇಶನಿಗೆ ಆಗಷ್ಟೇ ಹೊಳೆದು, ಪಾಪ ಅನ್ನಿಸಿತು. ಪಲ್ಲವಿ ಮಾತು ಬದಲಿಸಲೆಂದು, ಏಸಿ ಎಷ್ಟು ತಣ್ಣಗಿದೆ ನೋಡಿ ಎನ್ನುತ್ತ ಡ್ರೈವರ್ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡು ಗುಂಡಿ ಒತ್ತಿದಳು. ಕಾರು ಟಿಣ್ ಟಿಣ್ ಎಂದು ಕೂಗತೊಡಗಿತು. ಎದುರಿಗೆ ಮನುಷ್ಯನ ಆಕಾರದ ಕೆಂಪು ದೀಪವೊಂದು ಮಿನುಗಿತು.

"ಏನಂತೈತೆ ಅದು?" ಎಂದು ಪಾಪಣ್ಣ ಕೇಳಿದ.

"ಏನಿಲ್ಲ ಯಜಮಾನ್ರೇ. ಪಕ್ಕದ ಸೀಟಿನಾಗೆ ಯಾರೋ ಕುಂತವ್ರೆ, ಅವರಿಗೆ ಬೆಲ್ಟ್ ಹಾಕ್ರಿ ಅಂತೈತೆ."

ಹೇಳಿದ ಮೇಲೆ ಪಲ್ಲವಿಯೇ ಒಮ್ಮೆ ಪಕ್ಕಕ್ಕೆ ತಿರುಗಿ ನೋಡಿದಳು. ಪಾಪಣ್ಣ ಚಪ್ಪಲಿ ಬಿಟ್ಟ. ಮುಂಗೈಯ ನೆರೆತ ಕೂದಲು ಎದ್ದು ನಿಂತಿದ್ದವು. ಖಾಲಿ ಸೀಟಿದ್ದರೂ ಹೀಗೇ ಕೂಗುತ್ತದೆಯೇ ಎಂದು ಮೆಲ್ಲಗೆ ವಿಚಾರಿಸಿದ. ಬೀರೇಶ ಡಬ್ಬ ಎತ್ತಿದ, ಸದ್ದು ನಿಂತಿತು. ಮತ್ತೆ ಇಟ್ಟ, ಸದ್ದು ಬಂತು. ಮೊದಲ ಸಲ ಧೊಪ್ಪನೆ ಇಟ್ಟಿದ್ದವನು ಈ ಸಲ ಎರಡೂ ಕೈ ಕೊಟ್ಟು, ಉಸಿರು ಬಿಗಿಹಿಡಿದು, ಕಂಬಳಿಯ ನಡುಮಧ್ಯಕ್ಕೆ ಇಳಿಸಿದ್ದ. ಯಾಕೆ ಹಾಗೆ ಮಾಡಿದೆನೆಂದು ಅವನಿಗೇ ತಿಳಿಯಲಿಲ್ಲ. ಇಷ್ಟು ದಿನ ಕಾರು ಮಾರಿದ್ದ ಪಲ್ಲವಿಗೆ ಆ ಸದ್ದು ಹೊಸದೆನ್ನಿಸಿತು. ನಿಲ್ಲಿಸಲು ಕೈ ಬರಲಿಲ್ಲ.

ಓದಿದವನಾಗಿ ಒಂದು ಮಾತು ಹೇಳಿಬಿಡಬೇಕು ಅನ್ನಿಸಿತು ಬೀರೇಶನಿಗೆ. "ಅಪ್ಪಾ, ಅದು ಬರೀ ತೂಕ ನೋಡಿ ಕೂಗ್ತೈತೆ. ಒಳಗಿರೋದು ನಮ್ಮನೆ ರಾಗಿ. ನೀನೇ ತುಂಬಿದ್ದಲ್ಲ?"

ಪಾಪಣ್ಣ ಬೆಲ್ಟು ಎಳೆದು, ಡಬ್ಬದ ಮೇಲಿಂದ ಹಗುರವಾಗಿ ತಂದು ಸಿಕ್ಕಿಸಿದ. ಕಾರು ಸುಮ್ಮನಾಯಿತು.

"ಗೊತ್ತು ಕಣಪ್ಪ" ಎಂದ. "ನಾನು ಇಷ್ಟು ವರ್ಷ ಹೊತ್ತಿದ್ದೂ ಮುಚ್ಚಿದ ಪೆಟ್ಟಿಗೇನೇ. ಒಳಗೆ ಒಂದು ದಿನಾನೂ ಇಣುಕಿ ನೋಡಿದೋನಲ್ಲ. ಅದ್ರಾಗೆ ದೇವ್ರು ಐತೆ ಅಂತ ನಂಗೂ ತೂಕದಾಗೇ ಗೊತ್ತಾಗಿದ್ದು."