ದೋಣಿಕಟ್ಟೆಯಲ್ಲಿ ಆಡುವ ಮಾತು

ಪ್ರವಾಸಿಗರು ಮುಗಿಬಿದ್ದು ಸೆಲ್ಫಿ ತೆಗೆದುಕೊಳ್ಳುತ್ತಿದ್ದ ವ್ಯೂ ಪಾಯಿಂಟೇ ಈಗ ಗಿರಿಪುರದ ದೋಣಿಕಟ್ಟೆ. ಘಾಟಿ ರಸ್ತೆ ನೀರಿನಲ್ಲಿ ಮುಳುಗಿ ಆರು ವರ್ಷವಾಯಿತು. ವರ್ಷಕ್ಕೊಮ್ಮೆ ಚಾಲಕನಿಲ್ಲದ ದೋಣಿ ಬಂದು ಮನೆಗೊಂದು ಮಗುವನ್ನು ಹೊಟ್ಟೆಗೆ ಅನ್ನ ಸಿಗುವ ಆಚೆ ದಡಕ್ಕೆ ಒಯ್ಯುತ್ತದೆ. ವಾಪಸು ತರುವುದಿಲ್ಲ.

ಒಂದು ಕಾಲದಲ್ಲಿ ಅಲ್ಲೇ ಜೋಳ ಸುಟ್ಟು ಮಾರುತ್ತಿದ್ದ ದಮಯಂತಿ, ಮಗಳು ಇಂಚರಳ ಸ್ವೆಟರಿನ ಗುಂಡಿ ಹಾಕಿದಳು. ಹೋದ ವರ್ಷ ಅವಳು ರೂಢಿಯಂತೆ "ಹೋಗಿ ಬಾ ಮಗಾ" ಅಂದುಬಿಟ್ಟಿದ್ದಳು. "ಬರಲು ಅವಕಾಶವಿಲ್ಲ" ಎಂದು ದೋಣಿ ಕದವನ್ನೇ ತೆರೆದಿರಲಿಲ್ಲ. ಈ ಸಲ ಮನೆಯಲ್ಲಿ ಅಕ್ಕಿ ಡಬ್ಬ ತಳ ಕಂಡಿತ್ತು.

"ಕಳಿಸುವವರು ಹೇಳಿ," ಎಂದಿತು ದೋಣಿ.

ಹೊಸಿಲು ದಾಟುವವರಿಗೆ 'ಬಾ' ಸೇರಿಸದ ಬರೀ ಅರ್ಧ ಮಾತನ್ನು ಅವರ ಮನೆಯಲ್ಲಿ ಆಡುತ್ತಿದ್ದುದು ಸಿಟ್ಟು ನೆತ್ತಿಗೇರಿದಾಗ ಮಾತ್ರ. ದಮಯಂತಿ ವಾರವಿಡೀ ಗೋಡೆಯ ಮುಂದೆ ನಿಂತು ಅಭ್ಯಾಸ ಮಾಡಿದ್ದಳು.

"ಹೋಗು."

ಕದ ತೆರೆಯಿತು. ಒಳಗೆ ಕಾಲಿಟ್ಟ ಇಂಚರ ಮುಖ ಸಣ್ಣದು ಮಾಡಿಕೊಂಡು ತಿರುಗಿದಳು.

"ನಾನೇನ್ ಮಾಡ್ದೆ ಅಮ್ಮಾ? ಯಾಕೆ ಬೈತೀಯ?"

'ಬಾ' ಅನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಕದ ಮುಚ್ಚುವ ತನಕ ದಮಯಂತಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಳು.