ಎರಡನೇ ಫೋಟೋ

ಇವತ್ತೂ ಎರಡನೇ ಫೋಟೋಗೆ ನಿಲ್ಲದಿದ್ದರೆ ಶ್ಯಾಮಲಳ ಹೆಸರನ್ನು ಕೂಲಿ ಪಟ್ಟಿಯಿಂದ ತೆಗೆಯಬೇಕಾಗುತ್ತದೆ ಎಂದು, ಕೆಲಸ ನೋಡಿಕೊಳ್ಳುವ ಮೇಟ್ ಕಲಾ ಬೆಳಿಗ್ಗೆಯೇ ಹೇಳಿದಳು. ಉದ್ಯೋಗ ಖಾತ್ರಿಯ ಈ ಕೆರೆ ಹೂಳೆತ್ತುವ ಕೆಲಸದಲ್ಲಿ ದಿನಕ್ಕೆ ಎರಡು ಸಲ ಎಲ್ಲರೂ ಸಾಲಾಗಿ ನಿಂತು ಅವಳ ಮೊಬೈಲಿಗೆ ಮುಖ ಕೊಡಬೇಕು. ಬೆಳಿಗ್ಗೆ ಒಮ್ಮೆ, ಊಟವಾದ ಮೇಲೆ ಒಮ್ಮೆ. ಒಂದು ತಪ್ಪಿದರೂ ಆ ದಿನದ ಹಾಜರಿ ಇಲ್ಲ. ಮೂರು ದಿನದಿಂದ ಶ್ಯಾಮಲ ಊಟದ ನಂತರ ಫೋಟೋ ಎಂದೊಡನೆ ಕೆರೆ ಏರಿ ಹತ್ತಿ ಕ್ಯಾಸಂಬಳ್ಳಿ ರಸ್ತೆಗೆ ಓಡಿದ್ದಳು. ಫೋನಿನೊಳಗೆ ಹೋದ ಮುಖ ತಿರುಗಿ ಬರುವುದಿಲ್ಲ ಎಂದು ಯಾರೋ ಅವಳ ಕಿವಿಯಲ್ಲಿ ಹೇಳುತ್ತಾರಂತೆ. ಆ ಯಾರೋ ಮಧ್ಯಾಹ್ನವೇ ಹೆಚ್ಚು ಮಾತಾಡುತ್ತಾರೆ.

"ನಂದೇನಿಲ್ಲ ಇಂದ್ರಾಣಕ್ಕ. ದಿನಾ ಒಂದು ಮಕ ಯಾಕೆ ಕಮ್ಮಿ ಬತ್ತೈತೆ ಅಂತ ಪಂಚಾಯ್ತಿನಾಗೆ ಕೇಳ್ತಾರೆ," ಎಂದಳು ಕಲಾ.

ಶ್ಯಾಮಲ ಇಂದ್ರಾಣಿಯ ಗಂಡನ ಅಕ್ಕ. ಕಾಯಿಲೆಯ ಹೆಂಡತಿ ಬೇಡವೆಂದು ಗಂಡನ ಮನೆಯವರು ಅವಳನ್ನು ತವರಿಗೆ ತಂದು ಬಿಟ್ಟು ಆರು ವರ್ಷವಾಗಿತ್ತು. ಹೆಸರು ಹೋದರೆ ಏನಾಗುತ್ತದೆಂದು ಇಂದ್ರಾಣಿಗೆ ಗೊತ್ತು. ಮತ್ತೆ ಮನೆ, ಮತ್ತೆ ಹೊರಗಿನಿಂದ ಚಿಲಕ ಹಾಕಿದ ಕೋಣೆ. ರಾಬರ್ಟ್‌ಸನ್‌ಪೇಟೆಯ ಡಾಕ್ಟರು ತಿಂಗಳಿಗೊಂದು ಸೂಜಿ ಬರೆದುಕೊಟ್ಟು, ನಾಲ್ಕು ಜನರ ನಡುವೆ ಇರಲಿ, ಕೈಗೊಂದು ಕೆಲಸವಿರಲಿ ಅಂದಿದ್ದರು. ನಾಲ್ಕು ಜನರನ್ನು ಯಾವ ಅಂಗಡಿಯಿಂದ ತರುವುದು ಎಂದು ಅವತ್ತು ಬಸ್ಸಿನಲ್ಲಿ ಅವಳಿಗೆ ನಗು ಬಂದಿತ್ತು.

ಆ ನಾಲ್ಕು ಜನ ಸಿಕ್ಕಿದ್ದು ಈ ಕೆರೆಯಂಗಳದಲ್ಲಿ. ಹೂಳು ತುಂಬಿದ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುವ ಸಾಲಿನಲ್ಲಿ ಮುತ್ಯಾಲಮ್ಮ ತಾನಾಗಿಯೇ ಶ್ಯಾಮಲಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡಿದ್ದಳು. ಶ್ಯಾಮಲ ಬಾಂಡ್ಲಿ ಹಿಡಿದು ಇದ್ದಕ್ಕಿದ್ದಂತೆ ಕಲ್ಲಾಗಿ ನಿಂತರೆ ಇಡೀ ಸಾಲು ನಿಲ್ಲುತ್ತಿತ್ತು. ಯಾರೋ ಎಲೆ ಅಡಿಕೆ ತೆಗೆಯುತ್ತಿದ್ದರು, ಯಾರೋ ಸೊಸೆಯ ಸುದ್ದಿ. ಅವಳ ಕೈ ಮತ್ತೆ ಆಡಿದರೆ ಸಾಲೂ ಆಡುತ್ತಿತ್ತು. ಮೊದಲ ವಾರ ಹುಚ್ಚಿ ಅಂದವರೇ ಈಗ ಅವಳಿಗೆಂದು ಹುರುಳಿಕಾಳು ಹುರಿದು ತರುತ್ತಿದ್ದರು. ಇವತ್ತು ಬೆಳಗಿನ ಫೋಟೋಗೆ ಅವಳು ಇಂದ್ರಾಣಿಯ ಕೈ ಬಿಗಿಯಾಗಿ ಹಿಡಿದು ನೆಲ ನೋಡುತ್ತಿದ್ದಾಗ ಮುತ್ಯಾಲಮ್ಮ, "ನನ್ ಮಕ ಕಂಡು ನನ್ ಗಂಡ್ನೇ ಓಡೋದ. ಆ ಫೋನು ತಡ್ಕೊಂಡೈತೆ. ನಿಂಗ್ಯಾಕೆ ಬಯ?" ಅಂದಿದ್ದಳು. ಶ್ಯಾಮಲಳ ತುಟಿ ಒಂದಿಷ್ಟು ಅಲುಗಿತ್ತು. ಆದರೆ ಅದು ಬೆಳಿಗ್ಗೆ.

ಊಟಕ್ಕೆ ಕೂತಾಗ ಇಂದ್ರಾಣಿಯ ಕಣ್ಣು ಶ್ಯಾಮಲಳ ಮೇಲೆ, ಕೈ ತುತ್ತಿನ ಸಮೇತ ಗಾಳಿಯಲ್ಲಿ. "ಆ ಮುದ್ದೆಗೆ ಎಷ್ಟೊತ್ತು ಪೂಜೆ ಮಾಡ್ತೀಯ? ನುಂಗು," ಎಂದಳು ಮುತ್ಯಾಲಮ್ಮ. "ಆಮ್ಯಾಕೆ ಐದು ನಿಮಿಷ ತಲೆ ಒರಗ್ಸು. ಅವಳ್ನ ನಾನು ನೋಡ್ಕೊಂತೀನಿ." ಆರು ವರ್ಷದಿಂದ ರಾತ್ರಿ ತನ್ನ ಸೆರಗನ್ನು ಶ್ಯಾಮಲಳ ಸೆರಗಿಗೆ ಗಂಟು ಹಾಕಿ ಮಲಗುವವಳು ಇಂದ್ರಾಣಿ. ಗಂಟು ಎಳೆದರೆ ಎಚ್ಚರವಾಗಲಿ ಎಂದು. ಎಳೆಯದ ರಾತ್ರಿಗಳಲ್ಲೂ, ಎಳೆಯಲಿಲ್ಲವೇಕೆ ಎಂದು ಎಚ್ಚರವಾಗುತ್ತಿತ್ತು. ಬೇಡ ಎನ್ನುವುದಕ್ಕೂ ಬಾಯಿ ತೆರೆಯಬೇಕು. ಈಗ ಅಷ್ಟೂ ಆಗಲಿಲ್ಲ. ಹೊಂಗೆ ಮರದ ಬೇರಿಗೆ ತಲೆ ಕೊಟ್ಟಳು.

ಕಣ್ಣು ಬಿಟ್ಟಾಗ ನೆರಳು ಜರುಗಿ ಬಿಸಿಲು ಸೊಂಟದವರೆಗೆ ಏರಿತ್ತು. ಸುತ್ತ ಯಾರೂ ಇರಲಿಲ್ಲ. ಅವಳ ನೋಟ ಮೊದಲು ಓಡಿದ್ದು ರಸ್ತೆಗೆ. ಹಾಲಿನ ಕ್ಯಾನು ಕಟ್ಟಿಕೊಂಡ ಒಂದು ಮೊಪೆಡ್ಡು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಚಪ್ಪಲಿಯಿಲ್ಲದೆ ಕೆರೆಗೆ ಇಳಿದಳು. ಹೂಳಿನ ಸಾಲಿನಲ್ಲಿ, ಮುತ್ಯಾಲಮ್ಮನ ಪಕ್ಕದಲ್ಲಿ, ಶ್ಯಾಮಲ ಬಾಂಡ್ಲಿ ದಾಟಿಸುತ್ತಿದ್ದಳು.

ಕಲಾ ಮೊಬೈಲು ತಂದು ಅವಳ ಮುಂದೆ ಹಿಡಿದಳು. ಆಗಲೇ ತೆಗೆದಾಗಿದ್ದ ಎರಡನೇ ಫೋಟೋ. ಮುಂದಿನ ಸಾಲಿನಲ್ಲಿ ಶ್ಯಾಮಲ, ಯಾರ ಕೈಯನ್ನೂ ಹಿಡಿಯದೆ, ಜಗಳಕ್ಕೆ ನಿಂತವಳಂತೆ ನೇರ ನೋಡುತ್ತಿದ್ದಳು. ಇಂದ್ರಾಣಿಗೆ ಸಂತೋಷ ಬರಲು ಸ್ವಲ್ಪ ಹೊತ್ತು ಬೇಕಾಯಿತು. ಅದು ಬರುವುದರೊಳಗೆ ಇನ್ನೊಂದು ಹೊಳೆಯಿತು. "ಮತ್ತೆ ನಾನು?"

"ನೀನಿಲ್ಲಕ್ಕ. ನಿನ್ ಆಜರಿ ಓಯ್ತು." ಕಲಾ ಎಬ್ಬಿಸಲು ಹೋಗಿದ್ದಳಂತೆ. ಶ್ಯಾಮಲ ಅಡ್ಡ ನಿಂತು ಬಿಡಲಿಲ್ಲವಂತೆ. ಅವಳನ್ನು ಮುಟ್ಟಬೇಡಿ, ಬೇಕಾದರೆ ನಾನು ಬಂದು ನಿಲ್ಲುತ್ತೇನೆ ಎಂದು ಹೇಳಿ, ತಾನೇ ಮುಂದೆ ನಡೆದು ಹೋಗಿ ನಿಂತಳಂತೆ.

ಇಂದ್ರಾಣಿಗೆ ಸಿಟ್ಟು ಮಾಡಬೇಕೆನ್ನಿಸಿತು. ಅದಕ್ಕೂ ಶಕ್ತಿ ಸಾಲದೆ ಸಾಲಿನ ಹತ್ತಿರ ಹೋಗಿ ನಿಂತಳು. "ಯಾಕಕ್ಕ ನನ್ನ ಎಬ್ಬಿಸೋಕೆ ಬಿಡ್ಲಿಲ್ಲ?"

ಶ್ಯಾಮಲ ತಿರುಗಿ ನೋಡಲಿಲ್ಲ. "ರಾತ್ರಿ ನಾನು ಯಾವಾಗ ಕಣ್ ಬಿಟ್ರೂ ನೀನು ಕಣ್ ಬಿಟ್ಕೊಂಡೇ ಇರ್ತೀಯ," ಎಂದಳು. ಬಂದ ಬಾಂಡ್ಲಿಯನ್ನು ಮುತ್ಯಾಲಮ್ಮನ ಕೈಗೆ ದಾಟಿಸಿ, ಮುಂದಿನದಕ್ಕೆ ಕೈ ಚಾಚಿದಳು. "ಸೂಜಿಗೆ ಓದಾಗ ಡಾಕ್ಟ್ರಿಗೆ ನಿನ್ ವಿಷ್ಯಾನೂ ಏಳ್ತೀನಿ. ಇದು ಒಳ್ಳೇದಲ್ಲ ಕಣೇ."